ಭುಜದ ಗುಟ್ಟು

ಇಮ್ತಿಯಾಜ್, ಮೇಘಾಳಿಗೆ ಕನ್ನಡ ಅರ್ಥವಾಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅವಳೆದುರು ನಿನ್ನ ಗುಟ್ಟನ್ನು ಹೇಳಿದೆ. ಬಾಯಿ ತಪ್ಪಿ ಬಂದ ಮಾತಲ್ಲ ಅದು. ಏಳು ವರ್ಷದಿಂದ ನೀನು ನಂಬಿಕೊಂಡು ಬಂದಿರುವುದು ನಾನು ಹೇಳಿದ ಸುಳ್ಳನ್ನು.

ನಡೆದದ್ದನ್ನೆಲ್ಲ ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವ ಸಂಗತಿಯೂ ಇದರಲ್ಲಿದೆ, ಸಹಿಸಿಕೋ — ಅದನ್ನು ನನ್ನ ಸುಳ್ಳಿನಿಂದ ಬಿಡಿಸಿ ಇಡಬೇಕಾಗಿದೆ.

ಲಾಸ್ ಏಂಜಲೀಸ್‌ನಲ್ಲಿ ಇಬ್ಬರೂ ಎಂ.ಎಸ್. ಓದುತ್ತಿದ್ದೆವು. ನೀನು ಮೈಸೂರಿನವನು, ನಾನು ದಾವಣಗೆರೆಯವನು. ನಮ್ಮ ಯೂನಿವರ್ಸಿಟಿಯ ಫುಟ್‌ಬಾಲ್ ತಂಡದ ಆಫೀಸಿನಲ್ಲಿ ನಿನಗೆ ಕೆಲಸ ಸಿಕ್ಕಿತ್ತು. ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಫುಟ್‌ಬಾಲ್ ಅಂತ ಯಾಕೆ ಹೆಸರಿಟ್ಟರೋ ಎಂದು ನಾವಿಬ್ಬರೂ ಮೊದಮೊದಲು ನಕ್ಕವರೇ. ಆಮೇಲೆ ಅದರ ಹುಚ್ಚು ನನಗೆ ಹಿಡಿಯಿತು, ಅದರ ಲೆಕ್ಕಾಚಾರ ನಿನಗೆ ಹಿಡಿಸಿತು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಪ್ರತಿ ಸಲವೂ ಚೆಂಡು ಹಿಡಿದು ಓಡಬೇಕೋ, ದೂರಕ್ಕೆ ಎಸೆಯಬೇಕೋ ಎಂದು ನಿರ್ಧರಿಸುವವನು ಒಬ್ಬನೇ — ಆಫೆನ್ಸಿವ್ ಕೋಆರ್ಡಿನೇಟರ್ ಎಂಬ ಕೋಚ್; ಚೆಂಡು ಎಸೆಯುವ ಆಟಗಾರ ಕ್ವಾರ್ಟರ್‌ಬ್ಯಾಕ್. ಆಟದ ವಿಡಿಯೊಗಳನ್ನು ತುಂಡು ಮಾಡಿ, ಒಂದೊಂದು ತುಂಡಿಗೂ ಗುರುತು ಹಾಕಿ ಆತನ ಮುಂದಿಡುವುದು ನಿನ್ನ ಕೆಲಸ. ಡಿಗ್ರಿ ಮುಗಿದ ಮೇಲೂ ತನ್ನ ಜೊತೆಗೇ ಇರು ಎಂದು ಆತ ನಿನಗೆ ಹೇಳಿದ್ದ. ಆ ದಿನ ನೀನು ಬಿರಿಯಾನಿ ಮಾಡಿದ್ದೆ. ಅಷ್ಟು ಖುಷಿಯಾಗಿದ್ದ ನಿನ್ನನ್ನು ನಾನು ಆಮೇಲೆ ನೋಡಿಲ್ಲ.

ಆ ಸೀಸನ್‌ನಲ್ಲಿ ನಮ್ಮ ತಂಡ ಓಡಿದ್ದೇ ಓಡಿದ್ದು. ಮೊದಲ ಅವಕಾಶದಲ್ಲೂ ಓಟ, ಎರಡನೆಯದರಲ್ಲೂ ಓಟ, ಎಸೆಯಲೇಬೇಕಾದ ಮೂರನೆಯದರಲ್ಲೂ ಓಟ. ಅಭಿಮಾನಿಗಳು ಕೆರಳಿದ್ದರು. ಇಂಟರ್ನೆಟ್ಟಿನ ಫೋರಮ್‌ನಲ್ಲಿ ಕೋಆರ್ಡಿನೇಟರ್‌ನನ್ನು ಬೈದು ಪುಟಗಟ್ಟಲೆ ಬರೆಯುತ್ತಿದ್ದರು: ತಲೆಯಿಲ್ಲದವನು, ಹೆದರುಪುಕ್ಕಲ, ಮನೆಗೆ ಕಳಿಸಿ. ನಾನೂ ಬರೆದೆ. ಒಂದೇ ವರ್ಷದ ಹಿಂದೆ ಈ ಆಟದ ಗಂಧಗಾಳಿ ಇಲ್ಲದಿದ್ದವನು, ಮೂವತ್ತು ವರ್ಷ ಆ ಕೆಲಸ ಮಾಡಿದವನಿಗೆ ಪಾಠ ಹೇಳುತ್ತಿದ್ದೆ!

ಕ್ಯಾಲಬಾಸಸ್ ದೇವಸ್ಥಾನಕ್ಕೆ ಹೋಗಿ ಬಾ ಎಂದು ಅಮ್ಮ ಫೋನಿನಲ್ಲಿ ಹಟ ಹಿಡಿದಾಗ, ಕಾರಿಲ್ಲದ ನನ್ನನ್ನು ಕರೆದುಕೊಂಡು ಹೋದವನು ನೀನು. ನಾನು ಅರ್ಚನೆ ಮುಗಿಸಿ ಬರುವಷ್ಟರಲ್ಲಿ ನೀನು ಕೆಳಗೆ ಪುಳಿಯೋಗರೆ ತಿನ್ನುತ್ತ ಕೂತಿದ್ದೆ. ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಆ ಮನುಷ್ಯನನ್ನು ಬೈಯುತ್ತಲೇ ಇದ್ದೆ. ಕೊನೆಗೆ ನಿನಗೆ ತಡೆಯಲಾಗಲಿಲ್ಲ.

"ಸುಮ್ನಿರೋ ಮಾರಾಯ. ಕ್ವಾರ್ಟರ್‌ಬ್ಯಾಕ್ ಭುಜ ಹೋಗಿದೆ. ದೂರ ಎಸೆಯೋಕೇ ಆಗ್ತಿಲ್ಲ ಅವನಿಗೆ. ಎದುರಾಳಿಗಳಿಗೆ ಗೊತ್ತಾದ್ರೆ ಆ ಭುಜಾನೇ ಹುಡುಕ್ಕೊಂಡು ಬಂದು ಬೀಳ್ತಾರೆ. ಅದಕ್ಕೇ ಕೋಚ್ ಬಾಯಿ ಮುಚ್ಕೊಂಡು ಬೈಸಿಕೊಳ್ತಿರೋದು. ನಾಲ್ಕು ಜನಕ್ಕೆ ಮಾತ್ರ ಗೊತ್ತು. ನಿನ್ನಲ್ಲೇ ಇರ್ಲಿ, ಪ್ರಕಾಶ."

ಇರುತ್ತದೆ ಎಂದೆ. ಆರು ದಿನ ಇತ್ತು.

ಶನಿವಾರ ಗ್ಲೆಂಡೇಲ್‌ನಲ್ಲಿ ರಂಗನಾಥ್ ಅಂಕಲ್ ಮನೆ. ಆಂಟಿಯ ಚಿತ್ರಾನ್ನ, ದೊಡ್ಡ ಟಿವಿ, ಊರು ಬಿಟ್ಟು ಬಂದ ನಮ್ಮಂಥ ಏಳೆಂಟು ಜನ; ಅವತ್ತು ಅವರಲ್ಲಿ ಕನ್ನಡದವನು ನಾನೊಬ್ಬನೇ. ನೀನು ಸ್ಟೇಡಿಯಂನಲ್ಲಿ ಡ್ಯೂಟಿಯಲ್ಲಿದ್ದೆ. ಅಂಕಲ್ ಮಗಳು ಮೇಘಾ ನಮ್ಮ ಯೂನಿವರ್ಸಿಟಿಯಲ್ಲೇ ಎರಡನೇ ವರ್ಷ. ಇಲ್ಲೇ ಹುಟ್ಟಿ ಬೆಳೆದವಳು, ತಂಡದ ಪರಮ ಅಭಿಮಾನಿ. ಮತ್ತೆ ಓಟ, ಮತ್ತೆ ಎರಡೇ ಗಜ. "ಫೈರ್ ಹಿಮ್!" ಎಂದು ಅವಳು ಕುಶನ್ ಎಸೆದಳು. ನಾನು ಕೋಆರ್ಡಿನೇಟರ್ ಪರ ಮಾತಾಡಿದೆ. ಹೋದ ವಾರವಷ್ಟೇ ಬೈದವನು ಈಗ ಹೊಗಳಿದರೆ ಯಾರು ಕೇಳುತ್ತಾರೆ? ಎಲ್ಲರೂ ನನ್ನ ಮೇಲೆ ಮುಗಿಬಿದ್ದರು. "ಸ್ಟಿಕ್ ಟು ಕ್ರಿಕೆಟ್, ಪ್ರಕಾಶ್" ಎಂದಳು ಮೇಘಾ. ಮನೆಯಿಡೀ ನಕ್ಕಿತು. ಆಂಟಿಯೂ ನಕ್ಕರು.

ಅಷ್ಟೇ. ಅಷ್ಟಕ್ಕೇ ನಾನು — ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅಂಕಲ್ ಕಡೆ ತಿರುಗಿ, ಗುಟ್ಟು ಹೇಳುವವನ ಹಾಗೆ ದನಿ ತಗ್ಗಿಸಿ, ಕನ್ನಡದಲ್ಲಿ ಹೇಳಿದೆ: "ಅಂಕಲ್, ಕ್ವಾರ್ಟರ್‌ಬ್ಯಾಕ್ ಭುಜಾನೇ ಹೋಗಿದೆ. ಇಮ್ತಿಯಾಜ್ ಹೇಳಿದ. ಇವರಿಗೇನು ಗೊತ್ತು!"

ನಮಗೆಲ್ಲ ಆ ಅಭ್ಯಾಸವಿತ್ತಲ್ಲ. ಲಿಫ್ಟಿನಲ್ಲಿ, ಅಂಗಡಿಯ ಕ್ಯೂನಲ್ಲಿ, ಪಕ್ಕದವರ ಬಗ್ಗೆಯೇ ಕನ್ನಡದಲ್ಲಿ ಏನು ಬೇಕಾದರೂ ಆಡಿಬಿಡುವುದು; ಬಾಗಿಲು ಹಾಕಿದ ಕೋಣೆಯಲ್ಲಿ ಇದ್ದೇವೆಂಬ ಧೈರ್ಯ. ನಾನು ಅಡಗಿಕೊಂಡದ್ದು ಆ ಅಭ್ಯಾಸದ ಹಿಂದೆ. ಆದರೆ ಹದಿನೈದು ದಿನದ ಹಿಂದೆ ಅದೇ ಮನೆಯಲ್ಲಿ ನಾನು ಕನ್ನಡದಲ್ಲೊಂದು ಪೋಲಿ ಜೋಕ್ ಹೇಳಿದಾಗ ಎಲ್ಲರಿಗಿಂತ ಮೊದಲು ನಕ್ಕವಳು ಮೇಘಾ. ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು, ಅಷ್ಟೇ. ಅಂಕಲ್‌ಗೆ ಹೇಳುವ ನೆಪದಲ್ಲಿ ನಾನು ಹೇಳಿದ್ದು ಅವಳಿಗೇ. ಅವಳ ಮುಖ ಬದಲಾಗುವುದನ್ನು ನೋಡಬೇಕಿತ್ತು ನನಗೆ. ನೋಡಿದೆ. ಚಿಪ್ಸ್ ಪೊಟ್ಟಣದೊಳಗೆ ಅವಳ ಕೈ ನಿಂತಿತು. ನನಗೆ ಸಂತೋಷವಾಯಿತು, ಇಮ್ತಿಯಾಜ್. ಬಹಳ ಸಂತೋಷವಾಯಿತು.

ಅವಳು ಅಂದೇ ಅದನ್ನು ಫೋರಮ್‌ನಲ್ಲಿ ಬರೆದಳು, ತಂಡದ ವಿಡಿಯೊ ನೋಡಿಕೊಳ್ಳುವವನೇ ಹೇಳಿದ್ದೆಂದು ಸೇರಿಸಿ. ಕೋಆರ್ಡಿನೇಟರ್‌ನನ್ನು ಬೈಯುವುದು ನಿಲ್ಲಲಿ ಎಂದೇ ಬರೆದಳಂತೆ, ಪಾಪ.

ಮುಂದಿನ ಪಂದ್ಯ ಸ್ಯಾನ್ ಡಿಯಾಗೋದಲ್ಲಿ. ನಿನಗೆ ಸಿಗುತ್ತಿದ್ದ ಒಂದೇ ಒಂದು ಟಿಕೆಟನ್ನು ನನಗೆ ಕೊಟ್ಟಿದ್ದೆ. ಗ್ಯಾಲರಿಯಲ್ಲಿ ಎದುರಾಳಿ ಹುಡುಗರು ಭುಜ ಮುರಿದವರ ಹಾಗೆ ತೋಳಿಗೆ ಬಿಳಿ ಬಟ್ಟೆ ಕಟ್ಟಿ ಕುತ್ತಿಗೆಯಿಂದ ಇಳಿಬಿಟ್ಟುಕೊಂಡು ಕುಣಿಯುತ್ತಿದ್ದರು. ನೋಡಿದ ಕೂಡಲೇ ನನಗೆ ಅರ್ಥವಾಯಿತು. ಎರಡನೇ ಕ್ವಾರ್ಟರ್‌ನಲ್ಲಿ ಮೂವರು ಸೇರಿ ನಮ್ಮ ಕ್ವಾರ್ಟರ್‌ಬ್ಯಾಕ್‌ನನ್ನು ಬಲ ಭುಜದ ಮೇಲೆ ಕೆಡವಿದರು. ಅವನು ಏಳಲಿಲ್ಲ. ಸುತ್ತಲಿನವರು ಎದ್ದು ನಿಂತರು, ನಾನು ಕೂತೇ ಇದ್ದೆ.

ಸೋಮವಾರ ನೀನು ಕತ್ತಿನಲ್ಲಿ ಐಡಿ ಕಾರ್ಡ್ ಇಲ್ಲದೆ ರೂಮಿಗೆ ಬಂದೆ. ಕೋಆರ್ಡಿನೇಟರ್ ಕೂಗಾಡಲಿಲ್ಲವಂತೆ. ಆಫೀಸಿನ ಎಲ್ಲರಿಗಿಂತ ನಿನ್ನನ್ನೇ ಹೆಚ್ಚು ನಂಬಿದ್ದೆ ಎಂದು ಹೇಳಿ ಬಾಗಿಲು ತೋರಿಸಿದನಂತೆ. ನೀನು ಶೂ ಬಿಚ್ಚದೆ ಹಾಸಿಗೆಯ ಮೇಲೆ ಕೂತು ಕೇಳಿದೆ: "ನೀನು ಯಾರಿಗಾದ್ರೂ ಹೇಳಿದ್ಯಾ?"

"ಅಂಕಲ್ ಒಬ್ರಿಗೇ ಕಣೋ. ಅದೂ ಕನ್ನಡದಲ್ಲಿ. ಆ ಹುಡುಗಿಗೆ ಅರ್ಥ ಆಗುತ್ತೆ ಅಂತ ನಂಗೇನ್ ಗೊತ್ತು?"

ನೀನು ನಂಬಿದೆ. ಬೈದೆ, ಎರಡು ದಿನ ಮಾತು ಬಿಟ್ಟೆ, ಆಮೇಲೆ ನೀನೇ ಬಂದು, "ಹೋಗ್ಲಿ ಬಿಡು, ಬೇಕು ಅಂತ ಮಾಡಿದ್ದಲ್ವಲ್ಲ" ಎಂದೆ. ಬೇಕು ಅಂತಲೇ ಮಾಡಿದ್ದು ಎಂದು ಅಂದೇ ಹೇಳಬಹುದಿತ್ತು. ತಲೆಯಾಡಿಸಿದೆ.

ನಿನಗೆ ಗೊತ್ತೇ ಇಲ್ಲದ್ದು ಇನ್ನೊಂದಿದೆ. ಆ ವಾರ ಅಂಕಲ್ ನನ್ನನ್ನು ಮನೆಗೆ ಕರೆಸಿ, ನನ್ನೆದುರೇ ಮೇಘಾಳನ್ನು ನಿಲ್ಲಿಸಿಕೊಂಡು ಬೈದರು. ಅವಳು ನನ್ನತ್ತ ಬೆರಳು ತೋರಿಸಿ, ಎಂದೂ ಆಡದ ಕನ್ನಡದಲ್ಲಿ, ತಡವರಿಸುತ್ತ ಹೇಳಿದಳು: "ಇವ್ನು... ನನ್ನ ನೋಡಿ ಹೇಳಿದ್ದು. ನಂಗೆ ಹೇಳಿದ್ದು."

"ಮಾಡೋದೆಲ್ಲ ಮಾಡ್ಬಿಟ್ಟು ಇನ್ನೊಬ್ರ ಮೇಲೆ ಹಾಕ್ತೀಯಾ?" ಎಂದು ಅಂಕಲ್ ಗದರಿದರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಏನಾದರೂ ಹೇಳುತ್ತೇನೆಂದು. ನಾನು ಅಂಕಲ್ ಕಡೆ ನೋಡಿ, "ಹೋಗ್ಲಿ ಬಿಡಿ ಅಂಕಲ್, ಚಿಕ್ಕವಳು" ಎಂದೆ. ದೊಡ್ಡ ಮನಸ್ಸಿನವನು ಎನ್ನಿಸಿಕೊಂಡು, ಕಾಫಿ ಕುಡಿದು ಬಂದೆ.

ಆ ಕೋಆರ್ಡಿನೇಟರ್ ಇಡೀ ಊರಿನ ಬೈಗುಳವನ್ನು ಒಬ್ಬ ಆಟಗಾರನ ಭುಜಕ್ಕೋಸ್ಕರ ತಿಂಗಳುಗಟ್ಟಲೆ ನುಂಗಿದ. ನನ್ನ ಕೈಲಿ ಒಂದು ನಗು ನುಂಗಲಾಗಲಿಲ್ಲ. ಅವನ ಭುಜ, ನಿನ್ನ ಕೆಲಸ, ಆ ಹುಡುಗಿಗೆ ತಂದೆಯ ಮನೆಯಲ್ಲೇ ಸುಳ್ಳುಗಾತಿಯೆಂಬ ಹೆಸರು... ನೀನೀಗ ಸ್ಯಾನ್ ಪೀಡ್ರೊ ಬಂದರಿನ ಆಫೀಸಿನಲ್ಲಿ ಕಂಟೇನರ್‌ಗಳ ವೇಳಾಪಟ್ಟಿ ಮಾಡುತ್ತೀಯ. ಒಳ್ಳೆಯ ಕೆಲಸವೇ ಎನ್ನುತ್ತೀಯ. ಆದರೆ ಯಾರ ಮನೆಯಲ್ಲಾದರೂ ಫುಟ್‌ಬಾಲ್ ಹಚ್ಚಿದರೆ ಎದ್ದು ಹೊರಗೆ ಹೋಗುತ್ತೀಯ. ನಾನು ನೋಡಿದ್ದೇನೆ.

ಹೋದ ವಾರ ಮೇಘಾಳ ಮದುವೆಯ ಕರೆಯೋಲೆ ಇಬ್ಬರಿಗೂ ಬಂತು. ಫೋನಿನಲ್ಲಿ ನೀನು, "ನೀನು ಹೋಗಿ ಬಾ. ಅವಳ ಮುಖ ನೋಡೋಕೆ ನನ್ನ ಕೈಲಾಗಲ್ಲ. ಏಳು ವರ್ಷ ಆದ್ರೂ ಹೊಟ್ಟೆ ಉರಿಯುತ್ತೆ" ಎಂದೆ. ನಾನು ಹ್ಞೂಂ ಎಂದು ಫೋನ್ ಇಟ್ಟೆ. ನನಗೆ ಸಲ್ಲಬೇಕಾದ ಸಿಟ್ಟನ್ನು ನೀನು ಅವಳ ಮೇಲೆ ಇಟ್ಟುಕೊಂಡು ಬದುಕುತ್ತಿದ್ದೀಯ, ನಾನು ಹಾಯಾಗಿ ನಿನ್ನ ಸ್ನೇಹಿತನಾಗಿದ್ದೇನೆ.

ನಿನ್ನೆ ಗ್ಲೆಂಡೇಲ್‌ಗೆ ಹೋಗಿ ಅಂಕಲ್, ಆಂಟಿ, ಮೇಘಾ ಮೂವರೆದುರೂ ಎಲ್ಲವನ್ನೂ ಹೇಳಿದೆ. ಆಂಟಿ ಮಗಳ ಕೈ ಹಿಡಿದುಕೊಂಡು ಅಳತೊಡಗಿದರು. ಇಮ್ತಿಯಾಜ್‌ಗೆ ಹೇಳಿದ್ದೀಯಾ ಎಂದಷ್ಟೇ ಮೇಘಾ ಕೇಳಿದಳು. ಇಲ್ಲ ಎಂದೆ.

ಈಗ ಹೇಳಿದ್ದೇನೆ. ಕ್ಷಮಿಸು ಎಂದು ಬರೆಯಲು ಹೋಗಿ ಎರಡು ಸಲ ಹೊಡೆದು ಹಾಕಿದೆ. ಮದುವೆಗೆ ನೀನು ಹೋಗು, ಇಮ್ತಿಯಾಜ್. ಹೋಗಬಾರದವನು ನಾನು.