ತೊರೆಯಾಚೆಯವಳ ಮಳೆಪುಸ್ತಕ

ಮಡಿಕೇರಿಯಲ್ಲಿ ಹೊಸದಾಗಿ ಶುರುವಾದ ವಿಜ್ಞಾನ ಮ್ಯೂಸಿಯಂನವರು ತೊರೆಯಾಚೆ ತೋಟದವಳ ಮಳೆಪುಸ್ತಕ ಒಯ್ದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಅಂತ ಕೇಳಿದ ದಿನ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಮುಚ್ಚಿಡುವುದೇನು, ಹೊಟ್ಟೆಕಿಚ್ಚು.

ನಮ್ಮ ಕಡೆ ಮಳೆ ಅಳೆಯದ ಕಾಫಿ ತೋಟವಿಲ್ಲ. ಬೆಳಿಗ್ಗೆ ಎಂಟಕ್ಕೆ ಅಂಗಳದ ರೇನ್‌ಗೇಜಿನಲ್ಲಿ ನಿಂತ ನೀರು ಅಳೆದು, ಇಂಚು ಸೆಂಟುಗಳಲ್ಲಿ ಬರೆದಿಡಬೇಕು. ನೂರು ಸೆಂಟಿಗೆ ಒಂದು ಇಂಚು. ನಾನು ಮದುವೆಯಾಗಿ ಬಂದ ವಾರವೇ ಮಾವನವರು ಆ ಕೆಲಸ ನನಗೆ ವಹಿಸಿದರು. ಜ್ವರ ಬಂದರೂ ತಪ್ಪಿಸಿದವಳಲ್ಲ. ಅವಳೋ, ನಾಲ್ಕು ದಿನದ್ದು ಒಟ್ಟಿಗೆ ಗೀಚುವವಳು! ಅಂಥವಳ ಪುಸ್ತಕ ಗಾಜಿನೊಳಗೆ, ನನ್ನದು ಬೀರುವಿನ ತಳದಲ್ಲಿ.

ನಾವು ಶಾಲೆಗೆ ಹೋಗುವಾಗ ಮ್ಯೂಸಿಯಂ ಅಂದರೆ ಬೆಂಗಳೂರು, ಎಲ್ಲಿ ನೋಡಿದರೂ 'ಮುಟ್ಟಬೇಡಿ' ಬೋರ್ಡು. ಈಗ ಮಕ್ಕಳು ತಿರುಗಿಸಿ, ಒತ್ತಿ, ಎಳೆದು ನೋಡಬಹುದು. ನಮ್ಮಂಥವರ ತಿಳಿವಳಿಕೆಯೂ ವಿಜ್ಞಾನವೇ ಅಂತ ಮನೆ ಬಾಗಿಲಿಗೇ ಬಂದು ಕೇಳುತ್ತಾರಂತೆ. ಹಾಗೆ ಬಂದವರಿಗೆ ತೊರೆ ದಾಟಿ ಈಚೆ ಬರಲು ಏನಾಗಿತ್ತು ದಾಡಿ?

"ಬನ್ನಿ ಅಕ್ಕ, ನೋಡ್ಕೊಂಡು ಬರೋಣ," ಅಂತ ಅವಳೇ ಒಂದು ದಿನ ಬಸ್ಸು ಹತ್ತಿಸಿದಳು. ದಾರಿಯುದ್ದಕ್ಕೂ ನಗುನಗುತ್ತಾ ಹೂಂಗುಟ್ಟಿದೆ, ಒಳಗೊಳಗೇ ಕುದಿಯುತ್ತಿದ್ದೆ.

ಪುಸ್ತಕವನ್ನು ಒಂದು ಮಾರ್ಚ್ ತಿಂಗಳ ಪುಟಕ್ಕೆ ತೆರೆದಿಟ್ಟಿದ್ದರು. ಕಾಫಿ ಅರಳಿಸುವ ಹೂಮಳೆ ಬಿದ್ದ ದಿನ. ಅವಳ ಕಾಗೆಕಾಲು ಅಕ್ಷರದಲ್ಲಿ, 'ನಮಗೆ ಎಪ್ಪತ್ತು ಸೆಂಟು. ಪಕ್ಕದ ತೋಟದ ಅಕ್ಕನಿಗೆ ಒಂದು ಇಂಚು ಇಪ್ಪತ್ತು.' ಗೋಡೆಯ ಮೇಲೆ ಅದೇ ಲೆಕ್ಕದ ದೊಡ್ಡ ಚಿತ್ರ: ಒಂದು ತೊರೆ, ಎರಡು ದಡ, ಒಂದರ ಮೇಲೆ ಮಾತ್ರ ದಪ್ಪ ಮೋಡ. ಹೂಮಳೆ ಹೀಗೆ ತುಂಡುತುಂಡಾಗಿ ಬೀಳುತ್ತದೆ ಅಂತ ಗೈಡ್ ಹುಡುಗಿ ಶಾಲೆ ಮಕ್ಕಳಿಗೆ ವಿವರಿಸುತ್ತಿದ್ದಳು. ಅವು ಬರೆದುಕೊಳ್ಳುತ್ತಿದ್ದವು.

ಅವತ್ತು ನಮಗೆ ಬಿದ್ದದ್ದು ಬರೀ ಅರವತ್ತು. ಬೆಳಿಗ್ಗೆಯೇ ಫೋನು ಮಾಡಿ, "ನಮಗೆ ಎಪ್ಪತ್ತು, ನಿಮಗೆಷ್ಟಕ್ಕ?" ಅಂತ ಅವಳು ಕುಣಿಯುವ ದನಿಯಲ್ಲಿ ಕೇಳಿದಾಗ ತಡೆಯಲಾಗದೆ ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದೆ. ಪುಸ್ತಕದಲ್ಲಿ ಅರವತ್ತೇ ಬರೆದೆ. ಮಾವನವರು ಕೊಟ್ಟ ಪುಸ್ತಕದಲ್ಲಿ ಸುಳ್ಳು ಬರೆಯುವಷ್ಟು ಎದೆಗಾರಿಕೆ ನನಗಿರಲಿಲ್ಲ.

"ಆ ಅಕ್ಕ ಇವರೇ ಕಣಮ್ಮ," ಅಂತ ಅವಳು ಹೆಮ್ಮೆಯಿಂದ ನನ್ನನ್ನು ಮುಂದಕ್ಕೆ ತಳ್ಳಿದಳು.

ಹುಡುಗಿಯ ಮುಖ ಅರಳಿತು. "ಹೌದಾ ಮೇಡಂ? ನಿಮ್ಮ ಪುಸ್ತಕಾನೂ ಇದೆಯಾ? ಕೊಡಿ, ಇದರ ಪಕ್ಕದಲ್ಲೇ ಇಡ್ತೀವಿ. ಎರಡೂ ದಡದ್ದು ಒಟ್ಟಿಗೆ ಸಿಕ್ಕರೆ ಇನ್ನೇನು ಬೇಕು!"

ತಿಂಗಳಿಂದ ಇದೇ ಮಾತಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದವಳು ನಾನು. "ಗೆದ್ದಲು ಹತ್ತಿ ಹಾಳಾಯ್ತಮ್ಮ," ಅಂದೆ.

ತೊರೆಯಾಚೆಯವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಅಯ್ಯೋ ಅಕ್ಕ, ಇಷ್ಟು ವರ್ಷ ಬರೆದದ್ದೆಲ್ಲ ಹೋಯ್ತಾ?" ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಇನ್ನೊಬ್ಬರಿಗಾಗಿ ಇಷ್ಟು ಸಲೀಸಾಗಿ ಅಳಲು ಬರುತ್ತದಲ್ಲ ಇವಳಿಗೆ ಅಂತ, ಅದಕ್ಕೂ ನನಗೆ ಸಂಕಟವಾಯಿತು.