ಕೈ ಬ್ರದರ್

ಸಭೆಯಲ್ಲಿ ಅವನಿಗೆ ಕೈ ಬ್ರದರ್ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದರು, ಅದು ಅವನಿಗೂ ಗೊತ್ತಿತ್ತು. ಕಸುಬಿನಲ್ಲಿ ಪ್ಲಂಬರ್. ಭಾನುವಾರದ ಆರಾಧನೆ ಮುಗಿಯುವ ಹೊತ್ತಿಗೆ ಕೀಬೋರ್ಡಿನವನು ಮೆಲ್ಲಗೆ ಒಂದು ರಾಗ ಹಿಡಿಯುತ್ತಿದ್ದ. ಪಾಸ್ಟರ್ ದನಿ ತಗ್ಗಿಸಿ, "ಎಲ್ಲರೂ ತಲೆ ಬಗ್ಗಿಸಿ, ಕಣ್ಣು ಮುಚ್ಚಿ. ಯಾರೂ ಯಾರನ್ನೂ ನೋಡ್ಬೇಡಿ. ಇವತ್ತು ಯೇಸುವನ್ನ ನನ್ನ ರಕ್ಷಕ ಅಂತ ಒಪ್ಕೊಳ್ತೀನಿ ಅನ್ನೋರು ಒಂದು ಕೈ ಎತ್ತಿ" ಎನ್ನುತ್ತಿದ್ದರು. ಬೇರೆಯವರು ಆ ಕೈಯನ್ನು ಜನ್ಮದಲ್ಲಿ ಒಮ್ಮೆ ಎತ್ತುತ್ತಾರೆ. ಅಲ್ಲಿಗೆ ಅವರು ಹೊಸದಾಗಿ ಹುಟ್ಟಿದಂತೆ, ಮತ್ತೆ ಎತ್ತುವ ಪ್ರಮೇಯವೇ ಇಲ್ಲ. ನಮ್ಮ ಪ್ಲಂಬರ್ ಮಾತ್ರ ವಾರವಾರವೂ ಎತ್ತುತ್ತಿದ್ದ. ಕಣ್ಣು ಮುಚ್ಚಿ ಎಂದ ಮಾತ್ರಕ್ಕೆ ಯಾರು ಮುಚ್ಚುತ್ತಾರೆ ಹೇಳಿ. ಅರ್ಧ ಸಭೆ ಬೆರಳ ಸಂದಿಯಿಂದ ಮೂರನೆಯ ಸಾಲಿನ ತುದಿಯನ್ನೇ ನೋಡುತ್ತಿತ್ತು, ಆ ಒರಟು ಕೈ ಮೇಲೆದ್ದ ಕೂಡಲೇ ಮುಸಿಮುಸಿ ನಗುತ್ತಿತ್ತು.

ಈಗಿನ ಪಾಸ್ಟರ್ ಬಂದ ಹೊಸದರಲ್ಲಂತೂ ದೊಡ್ಡ ತಮಾಷೆಯೇ ಆಯಿತು. "ಇವತ್ತು ಒಂದು ಆತ್ಮ ಕರ್ತನ ಹತ್ರ ಬಂತು" ಎಂದು ಅವರು ಹಿಗ್ಗಿ ಹೀರೇಕಾಯಾಗಿ ಘೋಷಿಸಿದರು. ಮುಂದಿನ ಭಾನುವಾರವೂ ಒಂದು ಆತ್ಮ ಬಂತು. ಅದರ ಮುಂದಿನ ವಾರವೂ ಬಂತು. ಪ್ರತಿ ಸಲವೂ ಪಕ್ಕದ ಕೋಣೆಗೆ ಕರೆದು, ಹೊಸ ವಿಶ್ವಾಸಿಗಳಿಗೆಂದು ಅಚ್ಚು ಹಾಕಿಸಿದ ಪುಟ್ಟ ಪುಸ್ತಕ ಕೊಟ್ಟು, ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಬೇಡ ಎನ್ನಲು ಬಾಯಿ ಬಾರದೆ ಅವನು ಪ್ರತಿ ಸಲವೂ ತೆಗೆದುಕೊಂಡ. ಕೊನೆಗೆ ಸಭೆಯ ಹಿರಿಯರೊಬ್ಬರು ಪಾಸ್ಟರ್ ಕಿವಿಯಲ್ಲಿ, "ಅಯ್ಯಾ, ಅವನು ಈ ಕಟ್ಟಡದಷ್ಟೇ ಹಳಬ. ದೀಕ್ಷಾಸ್ನಾನದ ತೊಟ್ಟಿಗೆ ಪೈಪ್ ಹಾಕಿದ್ದೇ ಅವನು" ಎಂದು ಉಸುರಿದರು. ಆಗ ಪಾಸ್ಟರ್ ಮುಖ ನೋಡುವಂತಿತ್ತು.

ನಗುವವರಿಗೇನು, ನಗುತ್ತಾರೆ. ಸಂಕಟ ಅವನದು. ಆ ಸಭೆಯಲ್ಲಿ ಪ್ರತಿಯೊಬ್ಬರಿಗೂ ಒಂದು ದಿನವಿತ್ತು, ರಕ್ಷಣೆ ಸಿಕ್ಕ ದಿನ. ಸಾಕ್ಷಿ ಹೇಳಲು ಎದ್ದವರೆಲ್ಲ ಆ ದಿನದಿಂದಲೇ ಶುರು ಮಾಡುತ್ತಿದ್ದರು. ಬಸ್ ಕಂಡಕ್ಟರಿಗೆ ಅದು ಡಿಪೋದ ಬೆಂಚಿನ ಮೇಲೆ ಸಿಕ್ಕಿತ್ತು, ನರ್ಸಮ್ಮನಿಗೆ ಡ್ಯೂಟಿ ಮುಗಿಸಿ ಕೈ ತೊಳೆಯುತ್ತಿದ್ದಾಗ, ಪ್ಲಂಬರ್ ಹೆಂಡತಿಗೆ ಗಾರ್ಮೆಂಟ್ಸಿನಲ್ಲಿ ಗುಂಡಿ ಹಚ್ಚುವ ಮಿಷಿನ್ ಮುಂದೆ. ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು, ನನ್ನ ಪಾಪಕ್ಕಾಗಿ ಯೇಸುವೇ ಸತ್ತ ಎಂದು ಒಳಗೆ ಗೊತ್ತಾಗಿಹೋಯಿತು ಎಂದು ಅವರೆಲ್ಲ ಹೇಳುತ್ತಿದ್ದರು. ಹೇಳುವಾಗ ಅವರ ಮುಖ ನೋಡಿದರೆ ಸುಳ್ಳಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಪ್ಲಂಬರನಿಗೆ ಒಳಗೆ ಏನೂ ಗೊತ್ತಾಗಿರಲಿಲ್ಲ.

ಅವನ ದಿನದ ಕತೆಯನ್ನು ಹೆಂಡತಿಯೇ ಹೇಳುತ್ತಿದ್ದಳು. ಎಷ್ಟು ಸಲ ಹೇಳಿದರೂ ಅವಳಿಗೆ ದಣಿವಿರಲಿಲ್ಲ.

"ನಾನಾಗ ಕ್ವಾಯರ್‌ನಲ್ಲಿ ಹಾಡ್ತಿದ್ದೆ. ಕಣ್ಣು ಮುಚ್ಕೊಂಡಿರ್ಬೇಕಿತ್ತು, ಮುಚ್ಕೊಂಡಿರ್ಲಿಲ್ಲ, ದೇವರು ಕ್ಷಮಿಸಲಿ. ಹಿಂದಿನ ಬಾಗಿಲ ಹತ್ರ ಮೈಯೆಲ್ಲ ಸಿಮೆಂಟ್ ಮಾಡ್ಕೊಂಡು ಒಬ್ಬ ಹುಡುಗ ನಿಂತಿದ್ದ. ಉಳಿದವರು ಹೆದರ್ಕೊಂಡು ಕಿವಿ ತನಕ ಕೈ ಎತ್ತಿದ್ರೆ, ಇವರು ಸೂರಿಗೆ ಮುಟ್ಟೋ ಹಾಗೆ ಎತ್ತಿದ್ರು. ನಾನು ಮದುವೆ ಆಗಿದ್ದು ಆ ಕೈಯನ್ನ" ಎನ್ನುತ್ತಿದ್ದಳು. ಸಭೆ ನಗುತ್ತಿತ್ತು. ಅವನು ತಲೆ ತಗ್ಗಿಸುತ್ತಿದ್ದ, ಜನ ಅದನ್ನು ನಾಚಿಕೆ ಎಂದುಕೊಳ್ಳುತ್ತಿದ್ದರು.

ನಡೆದದ್ದು ಬೇರೆ. ಮರುದಿನ ದೀಕ್ಷಾಸ್ನಾನವಿದ್ದುದರಿಂದ ತೊಟ್ಟಿಗೆ ನೀರು ಬರುವಂತೆ ಮಾಡಿಕೊಡಲು ಅವನೂ ಅವನ ಅಣ್ಣನೂ ಆ ಸಂಜೆ ಅಲ್ಲಿಗೆ ಬಂದಿದ್ದರು. ಒಳಗೆ ಕೂಟ ನಡೆಯುತ್ತಿತ್ತು. ಅಣ್ಣ ಎದುರಿನ ಶೆಡ್ಡಿನ ಮೇಲೆ, ಟ್ಯಾಂಕಿನ ವಾಲ್ವ್ ಹಿಡಿದು ಕೂತಿದ್ದ. ನೀರು ನುಗ್ಗುವ ಸದ್ದಿನಲ್ಲಿ ಕೂಗಿದರೆ ಕೇಳಿಸುವುದಿಲ್ಲವೆಂದು ಅಣ್ಣತಮ್ಮಂದಿರು ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಕೈಯನ್ನು ಪೂರ್ತಿ ಮೇಲೆತ್ತಿದರೆ 'ಮುಚ್ಚು' ಎಂದರ್ಥ. ಹಿಂದಿನ ಬಾಗಿಲ ಬಳಿ ಒಂದು ಜಾಯಿಂಟ್ ಕಿತ್ತುಕೊಂಡು ನೀರು ಚಿಮ್ಮಿತು. ಅವನು ಕೈ ಎತ್ತಿದ. ಬಾಗಿಲಾಚೆಯಿಂದ ಅಣ್ಣ ನೋಡಿ ವಾಲ್ವ್ ಮುಚ್ಚಿದ. ಆಗಷ್ಟೇ ಕೈ ಎತ್ತಿ ಎಂದು ಕರೆಕೊಟ್ಟಿದ್ದ ಪ್ರಸಂಗಿಯೂ ವೇದಿಕೆಯಿಂದ ನೋಡಿದರು. "ಹಿಂದೆ ನಿಂತಿರೋ ತಮ್ಮಾ, ನಿನ್ನ ಕೈ ಕಂಡೆ. ದೇವರೂ ಕಂಡ" ಎಂದರು. ಅವನು ಏನು ಎತ್ತ ಎಂದು ಕೇಳುವುದರೊಳಗೆ ಯಾರು ಯಾರೋ ಬಂದು ತಬ್ಬಿಕೊಂಡರು. ಹಾಗಲ್ಲ ಎನ್ನಲು ಬಾಯಿ ತೆರೆದವನು ಕ್ವಾಯರಿನ ಹುಡುಗಿ ತನ್ನನ್ನೇ ನೋಡುತ್ತ ಕಣ್ಣೊರೆಸಿಕೊಳ್ಳುವುದನ್ನು ಕಂಡ. ತೆರೆದ ಬಾಯಿ ಹಾಗೇ ಮುಚ್ಚಿತು, ಆಮೇಲೆ ತೆರೆಯಲೇ ಇಲ್ಲ.

ಹುಡುಗಿಗಾಗಿ ಬಂದವನು ದೇವರಿಗಾಗಿ ಉಳಿದುಕೊಂಡ, ಅದರಲ್ಲಿ ಕಪಟವಿಲ್ಲ. ಕುಡಿತ ಬಿಟ್ಟ. ಬಾಯಿ ತೆರೆದರೆ ಉದುರುತ್ತಿದ್ದ ಬೈಗುಳ ಬಿಟ್ಟ. ಬೆಳಗ್ಗೆ ಎದ್ದು ಬೆರಳಿಟ್ಟುಕೊಂಡು ಸತ್ಯವೇದ ಓದಿದ. ಸಭೆಯ ವಿಧವೆಯರ ಮನೆಯ ನಲ್ಲಿ ಕೆಟ್ಟರೆ ಕಾಸು ಮುಟ್ಟದೆ ಸರಿಮಾಡಿಕೊಟ್ಟ. ಆದರೆ ಪ್ರತಿ ವಾರವೂ ವೇದಿಕೆಯಿಂದ ಬರುತ್ತಿದ್ದ ಮಾತು ಒಂದೇ: ಒಳ್ಳೆಯ ಕೆಲಸದಿಂದ ಯಾರಿಗೂ ರಕ್ಷಣೆಯಿಲ್ಲ, ಕೃಪೆಯಿಂದ, ನಂಬಿಕೆಯಿಂದ ಮಾತ್ರ. ಉಳಿದವರು ಆ ಮಾತಿಗೆ "ಆಮೆನ್" ಎಂದು ಹಗುರಾಗುತ್ತಿದ್ದರು, ಅವನು ಕುಗ್ಗುತ್ತಿದ್ದ. ಮೊದಲ ಜಾಯಿಂಟೇ ಸರಿಯಿಲ್ಲದ ಮೇಲೆ ಮುಂದೆ ಎಷ್ಟು ಪೈಪ್ ಜೋಡಿಸಿದರೇನು ಎಂಬುದು ಅವನಿಗೆ ಕಸುಬೇ ಕಲಿಸಿದ್ದ ಪಾಠ. ದೀಕ್ಷಾಸ್ನಾನದಲ್ಲಿ ಮುಳುಗಿ ಎದ್ದವರು ಅಳುತ್ತ ನಗುತ್ತ ಮೇಲೆ ಬರುತ್ತಿದ್ದರು. ಅವನು ಮುಳುಗಿದಾಗ ಮೂಗಿಗೆ ನೀರು ನುಗ್ಗಿತು, ತಳದ ಬಿರಡೆ ಸೋರುತ್ತಿರುವುದು ಕಣ್ಣಿಗೆ ಬಿತ್ತು, ಇನ್ನೇನೂ ಆಗಲಿಲ್ಲ. ಅದಕ್ಕೇ ವಾರವಾರವೂ ಕೈ ಎತ್ತುತ್ತಿದ್ದ. ಈ ಸಲವಾದರೂ ನಿಜವಾಗಲಿ ಎಂದು ಎತ್ತುತ್ತಿದ್ದ.

ಪಾಸ್ಟರ್ ಒಂದು ದಿನ ಅವನನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯವರು ಕೆಲವೊಮ್ಮೆ ಕತ್ತಿಯನ್ನೂ ಮೆತ್ತಗೆ ಆಡಿಸುತ್ತಾರೆ. "ಬ್ರದರ್, ಒಂದ್ಸಲ ಕೊಟ್ಟಿದೀನಿ ಅಂತ ದೇವರು ಹೇಳಿದ್ಮೇಲೆ ಮತ್ತೆ ಮತ್ತೆ ಕೇಳೋದು ಅಪನಂಬಿಕೆ. ನೀವು ಕೈ ಎತ್ತಿದಾಗೆಲ್ಲ ಅವನನ್ನ ಸುಳ್ಳುಗಾರ ಅಂದ ಹಾಗಾಗುತ್ತೆ" ಎಂದರು. ಮೊದಲನೆಯ ಸಲವೇ ಕೇಳಿರದಿದ್ದರೆ ಎಂಬ ಪ್ರಶ್ನೆ ಅವನಲ್ಲೇ ಉಳಿಯಿತು. "ಆಯ್ತು ಪಾಸ್ಟರ್" ಎಂದ. ಮುಂದಿನ ಭಾನುವಾರ ಕೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತ. ಅದರ ಮುಂದಿನ ಭಾನುವಾರ ಕೈ ಮತ್ತೆ ಎದ್ದಿತು.

ಅಷ್ಟರಲ್ಲಿ ಹೆಂಡತಿಗೆ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಸ್ಪತ್ರೆಯವರು ಕೊಯ್ದು ನೋಡಿ, ಹೊಲಿಗೆ ಹಾಕಿ, ಮನೆಗೆ ಕರೆದುಕೊಂಡು ಹೋಗಿ ಎಂದರು. ಆ ಮಾತಿನ ಅರ್ಥ ಏನೆಂದು ಇಬ್ಬರಿಗೂ ಗೊತ್ತಾಯಿತು. ಕಿಟಕಿಯ ಪಕ್ಕಕ್ಕೆ ಮಂಚ ಎಳೆದು ಹಾಕಿದ. ಮಕ್ಕಳಿಲ್ಲದ ಮನೆ. ಅವಳ ತುಟಿಗೆ ಒದ್ದೆ ಬಟ್ಟೆ ಒತ್ತುವುದು, ಮಗ್ಗುಲು ಹೊರಳಿಸುವುದು, ತಲೆ ಬಾಚುವುದು ಎಲ್ಲ ಅವನದೇ. ಅವನ ಅಣ್ಣ ದಿನಾ ಸಂಜೆ ಬಂದು ಬಾಗಿಲಲ್ಲಿ ಕೂತು ಹೋಗುತ್ತಿದ್ದ. ಅಣ್ಣನಿಗೆ ದೇವರೆಂದರೆ ಅಷ್ಟಕ್ಕಷ್ಟೆ, ತೊಟ್ಟಿಗೆ ನೀರು ಬಿಟ್ಟ ಆ ಸಂಜೆಯ ನಂತರ ಸಭೆಯತ್ತ ತಲೆ ಹಾಕಿ ಮಲಗಿದವನೂ ಅಲ್ಲ. ಆದರೆ ಒಂಟಿ ಮನುಷ್ಯನಾದ ತನಗೆ ಇಷ್ಟು ವರ್ಷ ಡಬ್ಬಿಯಲ್ಲಿ ಊಟ ಕಳಿಸಿದವಳು ಈ ಹೆಣ್ಣುಮಗಳು ಎಂಬುದನ್ನು ಅವನು ಮರೆತಿರಲಿಲ್ಲ.

ಅವಳಿಗೆ ಭಯವಿರಲಿಲ್ಲ. ಅವಳ ದೇವರು ಅವಳಿಗೆ ಪಕ್ಕದ ಮನೆಯವನಷ್ಟು ಹತ್ತಿರ. "ನಾನು ಮುಂದೆ ಹೋಗಿರ್ತೀನಿ. ನೀವು ನಿಧಾನವಾಗಿ ಬನ್ನಿ. ಅಲ್ಲೇನಾದ್ರೂ ನಲ್ಲಿ ಸೋರ್ತಿದ್ರೆ ಬೇಗ ಹೇಳಿ ಕಳಿಸ್ತೀನಿ" ಎಂದು ನಗಿಸಲು ನೋಡುತ್ತಿದ್ದಳು. ಅವನೂ ನಗುತ್ತಿದ್ದ. ಅವಳು ಹೋಗುವ ಕಡೆ ಯಾವುದೆಂದು ಅವನಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ತಾನು ಅಲ್ಲಿಗೆ ಹೋಗುತ್ತೇನೋ ಇಲ್ಲವೋ ಎಂಬುದೊಂದೇ ಅನುಮಾನ. ಹೋಗದಿದ್ದರೆ ಈ ಕಿಟಕಿ ಪಕ್ಕದ ಮಂಚದಲ್ಲಿ ನೋಡಿದ್ದೇ ಕೊನೆ. ಆ ಸಭೆ ನಂಬುವುದೇ ಹಾಗೆ, ಅವನೂ ನಂಬಿದ್ದ. ನಂಬಿಕೆಯಿಲ್ಲದವನಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು, "ರೀ, ಯಾವಾಗ್ಲೂ ನಾನೇ ಹೇಳಿದೀನಿ. ಇವತ್ತು ನೀವು ಹೇಳಿ. ಆ ದಿನ ಕೈ ಎತ್ತಿದಾಗ ನಿಮ್ಮ ಮನಸಲ್ಲಿ ಏನಿತ್ತು?" ಎಂದು ಕೇಳಿದಳು.

ಸಾಯುವವಳ ಮುಂದೆ ಸುಳ್ಳು ಹೇಳಬಾರದು ಎಂದುಕೊಂಡ. ಹೇಳಿದರೆ ಅವಳು ಎಂದಿನಂತೆ ಹೊಟ್ಟೆ ಹಿಡಿದುಕೊಂಡು ನಕ್ಕುಬಿಡುತ್ತಾಳೆ, ಹುಚ್ಚಪ್ಪ, ಇದಕ್ಕಾ ಇಷ್ಟು ವರ್ಷ ಕೊರಗಿದ್ದು ಎನ್ನುತ್ತಾಳೆ ಎಂಬ ಆಸೆಯೂ ಇತ್ತು. ಜಾಯಿಂಟ್ ಕಿತ್ತುಕೊಂಡದ್ದು, ಅಣ್ಣನ ವಾಲ್ವ್, ಕೈಸನ್ನೆ, ಎಲ್ಲ ಹೇಳಿದ.

ಅವಳು ನಗಲಿಲ್ಲ.

"ಹಾಗಾದ್ರೆ ನಿಮ್ಮ ದಿನ ಯಾವ್ದು?"

"ಗೊತ್ತಿಲ್ಲ ಕಣೇ."

"ಒಂದೂ ಇಲ್ವಾ?"

"ಇಲ್ಲ."

ಅವಳ ಮುಖದಲ್ಲಿ ಅವನು ಮೊದಲ ಬಾರಿಗೆ ಭಯ ಕಂಡ. ತನ್ನ ಸಾವಿಗೆ ಹೆದರದವಳು ಅವನಿಗಾಗಿ ಹೆದರಿದ್ದಳು. ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದಳು. ದಾರಿ ತಪ್ಪಿದ ಕುರಿ, ಕಳೆದುಹೋದ ಆತ್ಮ, ಇವನ ಕಣ್ಣು ತೆರೆಸು ಕರ್ತನೇ. ಆ ಮಾತುಗಳು ಅವನಿಗೆ ಚೆನ್ನಾಗಿ ಗೊತ್ತಿದ್ದವು. ಬೀದಿ ಕೊನೆಯ ಕುಡುಕನಿಗಾಗಿ, ಸಭೆಯ ಮುಖ ನೋಡದ ಅಣ್ಣನಿಗಾಗಿ ಅವಳು ದಿನಾ ಮಾಡುತ್ತಿದ್ದ ಪ್ರಾರ್ಥನೆ ಅದು. ಇಷ್ಟು ವರ್ಷ ಅವಳ ಪಕ್ಕ ಮೊಣಕಾಲೂರಿ ಅವನೂ ಅದಕ್ಕೆ ಆಮೆನ್ ಎಂದಿದ್ದ. ಈಗ ಆ ಹೊರಗಿನವರ ಸಾಲಿನಲ್ಲಿ ತಾನೇ ನಿಂತಿದ್ದ.

"ಈಗ್ಲೇ ಕೇಳ್ಕೊಳ್ಳಿ. ನಾನು ಹೇಳಿದ ಹಾಗೆ ಹೇಳಿ" ಎಂದು ಅವನ ಕೈ ಹಿಡಿದಳು. ಅವಳು ಉಸಿರು ಸೇರಿಸಿ ಸೇರಿಸಿ ಒಂದೊಂದೇ ಮಾತು ಹೇಳಿದಳು. ನಾನು ಪಾಪಿ. ನೀನು ನನಗಾಗಿ ಸತ್ತೆ, ಎದ್ದೆ. ನನ್ನ ಹೃದಯಕ್ಕೆ ಬಾ. ಅವನು ಶಾಲೆಯ ಮಗುವಿನಂತೆ ಹಿಂದೆ ಹಿಂದೆ ಹೇಳಿದ. ಒಂದೊಂದು ಮಾತನ್ನೂ ಮನಸಾರೆ ಹೇಳಿದ, ಕಾದ. ಹೊರಗೆ ಯಾರೋ ಬಕೆಟ್ ಉರುಳಿಸಿದರು. ಅವಳ ಕೈ ಬಿಸಿಯಾಗಿತ್ತು, ಮೂಳೆ ಚುಚ್ಚುತ್ತಿತ್ತು.

"ಗೊತ್ತಾಯ್ತಾ?" ಎಂದು ಕೇಳಿದಳು. "ಒಳಗೆ?"

ಒಳಗೆ ಎಂದಿನಂತೆಯೇ ಇತ್ತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಆ ಕಣ್ಣನ್ನು ನೋಡಿ ಇಲ್ಲ ಎನ್ನುವ ಗಂಡಸು ಯಾವ ಸಭೆಯಲ್ಲೂ ಇರಲಾರ.

"ಗೊತ್ತಾಯ್ತು" ಎಂದ. ಅಷ್ಟು ಸಾಲದೇನೋ ಎನಿಸಿ, "ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು" ಎಂದೂ ಸೇರಿಸಿದ. ಅದು ಕಂಡಕ್ಟರನ ಮಾತು.

ಅವಳು ಅತ್ತಳು, ನಕ್ಕಳು, ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಹೋದಳು. ಆಮೇಲೆ ನೋಡಲು ಬಂದವರಿಗೆಲ್ಲ ಅದೇ ಸಾಕ್ಷಿ. "ನಮ್ಮವರಿಗೆ ದಿನ ಸಿಕ್ತು. ನನ್ನ ಕಣ್ಮುಂದೇನೇ ಸಿಕ್ತು. ಇನ್ಮೇಲೆ ಅವರು ಕೈ ಎತ್ತಲ್ಲ ನೋಡಿ" ಎಂದಳು. ನರ್ಸಮ್ಮ ಸ್ತೋತ್ರ ಎಂದರು. ಪಾಸ್ಟರ್ ಕಣ್ಣಲ್ಲಿ ನೀರು ತಂದುಕೊಂಡರು. ಅವನು ಅಡುಗೆಮನೆಯಲ್ಲಿ ನಿಂತು ಬಂದವರಿಗೆ ಟೀ ಸೋಸುತ್ತಿದ್ದ. ಅದೇ ವಾರ ಅವಳು ಹೋದಳು, ಅವನ ಕೈ ಹಿಡಿದುಕೊಂಡೇ.

ಪೆಟ್ಟಿಗೆಯನ್ನು ವೇದಿಕೆಯ ಮುಂದೆ ಇಟ್ಟಿದ್ದರು. ಅವಳಿಗೆ ಇಷ್ಟವಾದ ಹಾಡುಗಳನ್ನೇ ಕ್ವಾಯರ್ ಹಾಡಿತು. ಅಣ್ಣ ಒಗೆದ ಅಂಗಿ ತೊಟ್ಟು ಬಂದು ತಮ್ಮನ ಪಕ್ಕದಲ್ಲಿ ಕೂತಿದ್ದ. ಎಲ್ಲಿ ಏಳಬೇಕು ಎಲ್ಲಿ ಕೂರಬೇಕು ತಿಳಿಯದೆ ತಮ್ಮನನ್ನು ನೋಡಿ ನೋಡಿ ಮಾಡುತ್ತಿದ್ದ. ಪುನರುತ್ಥಾನದ ವಾಕ್ಯ ಓದಿ, ಕೊನೆಯಲ್ಲಿ ಪಾಸ್ಟರ್ ದನಿ ತಗ್ಗಿಸಿದರು. ಕೀಬೋರ್ಡಿನವನು ಆ ರಾಗ ಹಿಡಿದ.

"ತಲೆ ಬಗ್ಗಿಸಿ, ಕಣ್ಣು ಮುಚ್ಚಿ. ಈ ನಮ್ಮ ಸಿಸ್ಟರನ್ನ ಮತ್ತೆ ನೋಡ್ಬೇಕು ಅನ್ನೋರು, ಅವರ ಕರ್ತನನ್ನ ಇವತ್ತು ಒಪ್ಕೊಳ್ಳೋರು, ಒಂದು ಕೈ ಎತ್ತಿ."

ಬದುಕಿನಲ್ಲಿ ಅವನು ಯಾವುದನ್ನೂ ಇಷ್ಟು ಬಯಸಿರಲಿಲ್ಲ. ಬಲಗೈ ತಾನಾಗಿ ಮಡಿಲು ಬಿಟ್ಟು ಎದ್ದಿತು. ಎಡಗೈಯಿಂದ ಅದರ ಮಣಿಕಟ್ಟು ಹಿಡಿದುಕೊಂಡ. ಎತ್ತಿದರೆ ಇಡೀ ಸಭೆಗೆ ಗೊತ್ತಾಗಿಬಿಡುತ್ತದೆ, ಅವಳ ಕೊನೆಯ ಸಾಕ್ಷಿ ಸುಳ್ಳೆಂದು, ಗಂಡನ ಮಾತು ನಂಬಿ ಮೋಸಹೋಗಿ ಸತ್ತಳೆಂದು. ಪೆಟ್ಟಿಗೆಯಲ್ಲಿ ಮಲಗಿದವಳನ್ನು ಎಲ್ಲರೆದುರು ಸುಳ್ಳಿಯಾಗಿಸಲು ಅವನಿಂದ ಆಗಲಿಲ್ಲ. ಬೆರಳ ಸಂದಿಯಿಂದ ಸಭೆ ತನ್ನನ್ನೇ ನೋಡುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಹಿಡಿದ ಕೈ ಬಿಡದೆ, ಹಲ್ಲು ಕಚ್ಚಿ ಕೂತ.

"ಕಂಡೆ" ಎಂದರು ಪಾಸ್ಟರ್. "ಆ ಕೈ ಕಂಡೆ. ದೇವರೂ ಕಂಡ."

ಅವನು ಬೆಚ್ಚಿ ಕಣ್ಣು ತೆರೆದ. ಪಕ್ಕದಲ್ಲಿ ಅಣ್ಣನ ಕೈ ನೆಟ್ಟಗೆ, ಸೂರಿಗೆ ಮುಟ್ಟುವಂತೆ, ಮೇಲಿತ್ತು.

ಕೂಟ ಮುಗಿದ ಮೇಲೆ ಜನ ಅಣ್ಣನನ್ನು ತಬ್ಬಿಕೊಂಡರು, ಕಣ್ಣೀರಿಟ್ಟರು. ಸಭೆಯ ಹಿರಿಯರು ತಮ್ಮನ ಬೆನ್ನು ತಟ್ಟಿ, "ಇವತ್ತು ನಿಮ್ಮ ಕೈ ಏಳ್ಲಿಲ್ಲ ಬ್ರದರ್. ಕೊನೆಗೂ ನಿಶ್ಚಯ ಸಿಕ್ತಲ್ಲ, ಸ್ತೋತ್ರ" ಎಂದರು. ಅವನು ತಲೆಯಾಡಿಸಿದ. ಪೆಟ್ಟಿಗೆ ಹೊರಲು ಏಳಬೇಕಿತ್ತು, ಅವನು ಕೂತೇ ಇದ್ದ. ಅಣ್ಣ ಜನರಿಂದ ಬಿಡಿಸಿಕೊಂಡು ಬಂದು ಅವನ ರಟ್ಟೆ ಹಿಡಿದು ಎಬ್ಬಿಸಿದ.

"ಇವರೆಲ್ಲ ಯಾಕೋ ನನ್ನ ಹಿಂಗೆ ಹಿಡ್ಕೊಳ್ತಾರೆ" ಎಂದ ಮೆಲ್ಲಗೆ. "ಅವಳನ್ನ ಮತ್ತೆ ನೋಡ್ಬೇಕು ಅನ್ನೋರು ಕೈ ಎತ್ತಿ ಅಂದ್ರು, ಎತ್ತಿದೆ. ನೀನ್ಯಾಕೋ ಎತ್ಲಿಲ್ಲ? ನಿನಗೆ ನೋಡೋದು ಬೇಡ್ವಾ?"