ಭಾನುವಾರದ ಪಂಪು

ಇವತ್ತು ಬೆಳಿಗ್ಗೆ ತಲೆಗೆ ತೆಂಗಿನೆಣ್ಣೆ ಹಚ್ಚಿಕೊಂಡು ಕೂತಿದ್ದೇನೆ. ಅದರಲ್ಲೇನು ವಿಶೇಷ, ಮಂಗಳೂರಿನವರು ತಲೆಗೆ ಎಣ್ಣೆ ಹಚ್ಚದೆ ಇನ್ನೇನು ಹಚ್ಚುತ್ತಾರೆ ಎಂದು ನೀವು ಕೇಳಬಹುದು. ನನಗೆ ವಿಶೇಷವೇ. ಇಪ್ಪತ್ತು ಚಿಲ್ಲರೆ ವರ್ಷಗಳಿಂದ ನನ್ನ ತಲೆ ಎಣ್ಣೆ ಕಂಡಿರಲಿಲ್ಲ. ಮಣ್ಣಗುಡ್ಡದ ನಮ್ಮ ಫ್ಲ್ಯಾಟಿನ ಹೆಂಗಸರು ನನ್ನ ಕೂದಲು ನೋಡಲಾಗದೆ ಬಗೆಬಗೆಯ ಶಾಂಪೂ ಹೇಳಿ ಸೋತಿದ್ದಾರೆ. ನನಗೆ ಎಣ್ಣೆ ಬಿಡಿಸಿದ್ದು ಒಂದು ಯಂತ್ರ. ಅದನ್ನು ಈ ವಾರ ನಿಲ್ಲಿಸಿಬಿಟ್ಟರು.

ಯಂತ್ರದ ಹೆಸರು ಮಾಸ್ ಸ್ಪೆಕ್ಟ್ರೋಮೀಟರ್. ಹೆದರಬೇಡಿ, ಅಣುಗಳನ್ನು ತೂಗುವ ತಕ್ಕಡಿ ಎಂದುಕೊಂಡರೆ ಸಾಕು. ನಮ್ಮ ಪ್ರಯೋಗಾಲಯದಲ್ಲಿ ಒಂದು ಪಂಪು ಅದರ ಉಕ್ಕಿನ ಹೊಟ್ಟೆಯೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯುತ್ತಿತ್ತು. ಆ ಖಾಲಿ ಜಾಗಕ್ಕೆ ಋಣ ಅಯಾನುಗಳನ್ನು, ಅಂದರೆ ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಹೊತ್ತುಕೊಂಡ ಕಣಗಳನ್ನು ಬಿಟ್ಟು, ಜೊತೆಗೆ ಇನ್ನೊಂದು ಅನಿಲವನ್ನು ತುಸುವೇ ಸೇರಿಸಿ, ಯಾರು ಯಾರ ಜೊತೆ ಸೇರಿ ಏನಾದರು ಎಂಬುದನ್ನು ತೂಕದಿಂದ ಪತ್ತೆ ಮಾಡುತ್ತಿದ್ದೆವು. ನಾವು ಎಂದರೆ ನಾನು ಮತ್ತು ಐರಿನ್ ಬಾಯಿ.

ಐರಿನ್ ಬಾಯಿ ನನಗಿಂತ ತುಂಬಾ ಹಿರಿಯರು. ಉಳ್ಳಾಲದ ಕೊಂಕಣಿ ಕ್ರೈಸ್ತ ಮನೆಯವರು. ತಮ್ಮಂದಿರು ತಂಗಿಯಂದಿರೆಲ್ಲ ಗಲ್ಫಿನಲ್ಲಿ. ಮೇಡಂ ಎಂದರೆ ಅವರಿಗೆ ಆಗುತ್ತಿರಲಿಲ್ಲ, ಕೊಂಕಣಿಯಲ್ಲಿ ಅಕ್ಕ ಎನ್ನುವ ಹಾಗೆ ಬಾಯಿ ಎಂದೇ ಕರೆಯಬೇಕು. ನಾನು ಸೇರಿದ ವಾರವೇ ಫ್ಲೋರೈಡಿನ ಕಥೆ ಹೇಳಿದರು. ಟೂತ್‌ಪೇಸ್ಟಿನಲ್ಲಿರುವ ಅದೇ ಫ್ಲೋರೈಡ್. ನೀರಿನಲ್ಲಿ ಅದು ಬಹಳ ಸಾಧು. ನೀರು ತೆಗೆದು ಖಾಲಿಯಲ್ಲಿ ಬಿಟ್ಟರೆ ಎದುರಿಗೆ ಬಂದವರ ಪ್ರೋಟಾನನ್ನೇ ಕಿತ್ತುಕೊಳ್ಳುತ್ತದೆ.

"ನೀರಿನಲ್ಲಿ ಇದರ ಸುತ್ತ ಯಾವಾಗ್ಲೂ ಜನ. ಗುಣ ಎಂತದು ಅಂತ ಗೊತ್ತೇ ಆಗುದಿಲ್ಲ," ಎಂದಿದ್ದರು. "ಒಂಟಿ ಮಾಡಿ ನೋಡು ಮಾರಾಯ್ತಿ, ಆಗ ಗೊತ್ತಾಗ್ತದೆ."

ಆಗ ಅದನ್ನು ಬರೀ ರಸಾಯನಶಾಸ್ತ್ರ ಎಂದುಕೊಂಡಿದ್ದೆ. ಈಗ ಮನೆಗೆ ಗ್ಯಾಸ್ ಸಿಲಿಂಡರ್ ತರುವವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಅವನ ಮಗಳ ಓದಿನವರೆಗೂ ವಿಚಾರಿಸುವಾಗ ನನಗೆ ಫ್ಲೋರೈಡ್ ನೆನಪಾಗುತ್ತದೆ. ಪಾಪ, ಅವನು ಮೆಟ್ಟಿಲ ಕಡೆಯೇ ನೋಡುತ್ತಿರುತ್ತಾನೆ.

ಎಣ್ಣೆಯ ವಿಷಯಕ್ಕೆ ಬರುತ್ತೇನೆ. ಒಮ್ಮೆ ನಮ್ಮ ಪ್ರಯೋಗದಲ್ಲಿ ನೂರ ತೊಂಬತ್ತೊಂಬತ್ತರ ತೂಕದ ಅಯಾನೊಂದು ಕಾಣಿಸಿಕೊಂಡಿತು. ಯಾವ ಲೆಕ್ಕಕ್ಕೂ ಅದು ಕೂಡುತ್ತಿರಲಿಲ್ಲ. ಹೊಸತೇನೋ ಸಿಕ್ಕಿತು, ಇನ್ನು ನನ್ನನ್ನು ಹಿಡಿಯುವವರಿಲ್ಲ ಎಂದು ನೆಲ ಬಿಟ್ಟು ಓಡಾಡಿದೆ. ಐರಿನ್ ಬಾಯಿ ನಾಲ್ಕು ದಿನ ಸುಮ್ಮನೆ ನನ್ನ ಕೆಲಸ ನೋಡಿದರು. ಸ್ಯಾಂಪಲ್ ಇಡುವ ಕಡ್ಡಿಯನ್ನು ಮುಟ್ಟುವ ಮೊದಲು ಒಮ್ಮೆ ತಲೆ ಸವರಿಕೊಳ್ಳುವುದು ನನ್ನ ಅಭ್ಯಾಸ.

"ಇದು ಲಾರಿಕ್ ಆಮ್ಲದ್ದು. ತೆಂಗಿನೆಣ್ಣೆ," ಎಂದರು. "ನಿನ್ನ ಅಮ್ಮ ಹಚ್ಚಿದ್ದನ್ನು ನಾವು ತೂಗ್ತಾ ಇದ್ದೇವೆ."

ಅವತ್ತಿಗೆ ಎಣ್ಣೆ ಬಿಟ್ಟೆ. ಅಮ್ಮ ಎಣ್ಣೆಯ ಬಟ್ಟಲು ಹಿಡಿದು ಕೆಲವು ದಿನ ಹಿಂದೆ ಹಿಂದೆ ಬಂದು, ಆಮೇಲೆ ಬರುವುದನ್ನು ಬಿಟ್ಟರು.

ಆ ಪಂಪು ಯಾವತ್ತೂ ನಿಲ್ಲಬಾರದು. ನಿಂತರೆ ನಮ್ಮ ಊರಿನ ತೇವದ ಗಾಳಿ ಒಳಗೆ ನುಗ್ಗುತ್ತದೆ. ಮತ್ತೆ ಒಣಗಿಸಲು ದಿನಗಟ್ಟಲೆ ಕಾಯಿಸಬೇಕು. ಆದ್ದರಿಂದ ಭಾನುವಾರವೂ ಒಬ್ಬರು ಬಂದು ನೋಡಬೇಕೆಂಬುದು ಐರಿನ್ ಬಾಯಿಯ ಕಾನೂನು. ಆ ಒಬ್ಬರು ಅವರೇ. ಇಗರ್ಜಿಯಲ್ಲಿ ಪೂಜೆ ಮುಗಿಸಿ, ಅದೇ ಸೀರೆಯಲ್ಲಿ ಬಸ್ಸು ಹತ್ತಿ ಬಂದು, ಒತ್ತಡದ ಗೇಜು ನೋಡಿ, ಸಂಜೆಯವರೆಗೂ ಅಲ್ಲೇ ಪೇಪರು ಓದುತ್ತಾ ಕೂರುತ್ತಿದ್ದರು. ಎಂಥ ನಿಷ್ಠೆ ಎಂದು ನಾವೆಲ್ಲ ಹೊಗಳುತ್ತಿದ್ದೆವು.

ನಿವೃತ್ತಿಯ ದಿನ ಕೀಲಿಕೈ ನನ್ನ ಕೈಗೆ ಬಂತು. ಆ ಹೊತ್ತಿಗೆ ಅಮ್ಮ ತೀರಿಕೊಂಡಿದ್ದರು, ತಮ್ಮ ಅಬುಧಾಬಿಗೆ ಹೋಗಿದ್ದ, ನನ್ನ ಮದುವೆಯ ಮಾತೆತ್ತಿ ಸಿಟ್ಟು ಬರಿಸುವವರೂ ಉಳಿದಿರಲಿಲ್ಲ. ನಾನೂ ಭಾನುವಾರ ಪಂಪು ನೋಡಲು ಹೋಗತೊಡಗಿದೆ. ಗೇಜು ನೋಡಲು ಎಷ್ಟು ಹೊತ್ತು ಬೇಕು? ನಾನು ಊಟದ ಡಬ್ಬಿ ಒಯ್ಯುತ್ತಿದ್ದೆ. ಉಂಡಾದ ಮೇಲೆ ಅಲ್ಲಿಂದಲೇ ಐರಿನ್ ಬಾಯಿಗೆ ಫೋನು. ಪಂಪು ಹೇಗುಂಟು ಎಂದು ಅವರು, ಸರಿ ಉಂಟು ಬಾಯಿ ಎಂದು ನಾನು. ಮಾತು ಮುಗಿದರೂ ಇಬ್ಬರೂ ಫೋನು ಇಡುತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಮನೆಗೆ ಕರೆದದ್ದಿಲ್ಲ, ನಾನೂ ಕರೆದದ್ದಿಲ್ಲ.

ಈ ವಾರ ಬಿಡಿಭಾಗ ಸಿಗುವುದಿಲ್ಲವೆಂದು ಯಂತ್ರವನ್ನು ಗುಜರಿಗೆ ಬರೆದರು. ಸ್ವಿಚ್ಚು ಆರಿಸಿದ್ದು ನಾನೇ. ಪಂಪು ಒಂದೆರಡು ಸಲ ಕೆಮ್ಮಿ ಸುಮ್ಮನಾಯಿತು. ಉಳಿದವರು ಚಹಾಕ್ಕೆ ಹೊರಟರು. ಇನ್ನು ಭಾನುವಾರ ಎಲ್ಲಿಗೆ ಹೋಗುವುದು ಎಂದು ನನಗೆ ನಿಜವಾಗಿಯೂ ಭಯವಾಯಿತು.

ಇವತ್ತು ಭಾನುವಾರ. ಈಗಷ್ಟೇ, ಈ ಎಣ್ಣೆ ತಲೆಯಲ್ಲೇ, ಮನೆಯಿಂದ ಅವರಿಗೆ ಫೋನು ಮಾಡಿದೆ.

"ಪಂಪು ಹೇಗುಂಟು?"

"ಸರಿ ಉಂಟು ಬಾಯಿ."

"ಸದ್ದು ಕೇಳುದಿಲ್ಲ ಅಲ್ಲ?"

ಯಂತ್ರ ನಿಲ್ಲಿಸಿದ್ದನ್ನು ಹೇಳಲೇಬೇಕಾಯಿತು.

"ನೋಡು," ಎಂದರು. "ಕರೆಂಟ್ ಹೋದ್ರೆ ಫೋನ್ ಮಾಡ್ಲಿಕ್ಕೆ ವಾಚ್‌ಮನ್ ಇದ್ದ. ಭಾನುವಾರ ಯಾರೂ ಹೋಗ್ಬೇಕು ಅಂತ ಇರ್ಲಿಲ್ಲ. ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಬಾಯಿ. ಮನೆಯಲ್ಲಿ ಕೂತ್ಕೊಳ್ಳಿಕ್ಕೆ ಆಗುದಿಲ್ಲ."

"ನನಗೂ ಆಗ್ತಿರ್ಲಿಲ್ಲ. ಈಗ್ಲೂ ಆಗುದಿಲ್ಲ." ಎಂದರು. "ಉಳ್ಳಾಲದ ಬಸ್ಸು ಉಂಟಲ್ಲ, ಹತ್ತು. ಅಡುಗೆ ಇನ್ನೂ ಇಟ್ಟಿಲ್ಲ."

ಕಣ್ಣು ಒರೆಸಿಕೊಂಡೆ. ಬಸ್ಸು ಇಳಿದು ಮನೆಗೆ ಬರುವುದು ಹೇಗೆ ಎಂದು ಇಷ್ಟು ವರ್ಷಗಳ ಮೇಲೆ ಅವರನ್ನು ಕೇಳಿದೆ.